ಹೆಸರು ಕೇಳಿದ ಹುಡುಗಿ

ಕಾಮಗೆರೆಯ ಶಿವನಂಜಯ್ಯನನ್ನು ಶಿವನಂಜಯ್ಯ ಎಂದು ಕರೆಯುವವರು ಯಾರೂ ಉಳಿದಿರಲಿಲ್ಲ. ಕೊಳ್ಳೇಗಾಲದ ಡಿಪೋದಲ್ಲಿ ತಲೆ ನೆರೆಯುವವರೆಗೆ ಬಸ್ಸು ಓಡಿಸಿದ ಮನುಷ್ಯ. ಕೊಳ್ಳೇಗಾಲ ಬಿಟ್ಟು, ತನ್ನದೇ ಊರಿನ ಮುಂದೆ ಹಾದು, ಹನೂರು, ರಾಮಾಪುರ ದಾಟಿ, ಕಾಡಂಚಿನ ಹೂಗ್ಯಂಗೆ ಹೋಗಿ ರಾತ್ರಿ ನಿಲ್ಲುವ ಬಸ್ಸು. ಆ ದಾರಿಯ ಜನಕ್ಕೆಲ್ಲ ಅವನು ‘ಡ್ರೈವರ್ ಸಾ’. ನಿವೃತ್ತಿಯಾದ ಮೇಲೂ ಟೀ ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಡ್ರೈವರ್ ಸಾನೇ. ಮಗ ಪ್ರಭುಸ್ವಾಮಿಗೆ ಅಪ್ಪಾಜಿ.

ಇನ್ನು ಹೆಂಡತಿ ಮಾದೇವಮ್ಮನ ಪದ್ಧತಿಯೇ ಬೇರೆ. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮದುವೆಯಾದ ಹೊಸದರಲ್ಲಿ ಬಳೆ ಸದ್ದು ಮಾಡಿ ಕರೆಯುತ್ತಿದ್ದಳು. ಮಗ ಹುಟ್ಟಿದ ಮೇಲೆ ಮಗನ ಹೆಸರು ಹಿಡಿದು ಗಂಡನನ್ನು ಕರೆಯುವುದು ರೂಢಿಯಾಯಿತು. ‘ಪ್ರಭೂ’ ಎಂದು ಮೊಟಕಾಗಿ ಕರೆದರೆ ಮಗ, ಅದನ್ನೇ ರಾಗ ಎಳೆದು ಕರೆದರೆ ಅಪ್ಪ. ಈ ವ್ಯತ್ಯಾಸ ಅವಳೊಬ್ಬಳಿಗೇ ಸ್ಪಷ್ಟ. ಕೊಳ್ಳೇಗಾಲದ ಸೀರೆ ಅಂಗಡಿಗೆ ದಿನಾ ಹೋಗಿ ಬರುವ ಪ್ರಭುಸ್ವಾಮಿ ರಜೆಯ ದಿನ ಮನೆಯಲ್ಲಿದ್ದರೆ, ಅವಳು ಕರೆದಾಗ ಅಪ್ಪ ಮಗ ಇಬ್ಬರೂ ಒಟ್ಟಿಗೇ ‘ಓ’ ಅನ್ನುತ್ತಿದ್ದರು.

ಹೆಸರು ಹಿಡಿದು ಕರೆಯುತ್ತಿದ್ದವಳು ಒಬ್ಬಳಿದ್ದಳು, ಯಳಂದೂರಿಗೆ ಕೊಟ್ಟಿದ್ದ ಅಕ್ಕ ಪುಟ್ಟಮಲ್ಲಮ್ಮ. ಫೋನು ಮಾಡಿದರೆ ತಂತಿಯಿಲ್ಲದೆಯೂ ಕೇಳಬೇಕು, ಅಂಥ ಗಂಟಲು. “ನಂಜಾ, ಉಂಡ್ಯಾ?” ಎನ್ನುವುದು ಅವಳ ಮೊದಲ ಮಾತು. ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಆಮೇಲೆ ಒಂದು ದಿನ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಶಿವನಂಜಯ್ಯನಿಗೆ ಈ ವಿಷಯ ತಟ್ಟನೆ ಹೊಳೆಯಿತು. ತನ್ನ ಹೆಸರು ಪಾಸ್‌ಬುಕ್ಕಿನಲ್ಲಿದೆ, ಆಧಾರ್ ಕಾರ್ಡಿನಲ್ಲಿದೆ, ಯಾರ ಬಾಯಲ್ಲೂ ಇಲ್ಲ. ತಾನು ಬದುಕಿರುವಾಗಲೇ ತನ್ನ ಹೆಸರು ಸತ್ತುಹೋಯಿತಲ್ಲ ಎಂದು ಅವನಿಗೆ ದುಃಖವಾಯಿತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಡ್ಡ ಬೆಳ್ಳಗಾದ ಮೇಲೆ ‘ನನ್ನ ಹೆಸರು ಕರೀರಿ’ ಎಂದು ಕೇಳಿದರೆ ಜನ ನಗುತ್ತಾರೆ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡ.

ಅಂಥ ದಿನಗಳಲ್ಲೇ ಪ್ರಭುಸ್ವಾಮಿ ಹೊಸ ಫೋನು ಕೊಂಡು, ಹಳೆಯದನ್ನು ಅಪ್ಪನಿಗೆ ಕೊಟ್ಟ. ಶಿವನಂಜಯ್ಯ ಮೊದಲು ನೋಡಿದ್ದು ಬಸ್ಸುಗಳನ್ನು. ಬೇರೆ ಕಸುಬಿನವನಾಗಿದ್ದರೆ ಬೇರೆ ಏನಾದರೂ ನೋಡುತ್ತಿದ್ದನೋ ಏನೋ, ಇವನು ಎಲ್ಲೆಲ್ಲಿಯ ಬೆಟ್ಟದ ದಾರಿಗಳಲ್ಲಿ ಯಾರ್ಯಾರೋ ಓಡಿಸುವ ಬಸ್ಸು ನೋಡುತ್ತ, ತಿರುವು ಬಂದಾಗಲೆಲ್ಲ ಜಗುಲಿಯ ಮೇಲೆ ಕೂತಲ್ಲೇ ಬಲಗಾಲು ಒತ್ತುತ್ತಿದ್ದ. ಎಷ್ಟೋ ವೀಡಿಯೊಗಳಲ್ಲಿ ಡ್ರೈವರುಗಳು ಒಂದೇ ಭಾಷೆ ಆಡುತ್ತಿದ್ದರು. ಕೇಳಲು ಚುರುಕಾಗಿತ್ತು. ಯಾವ ಭಾಷೆಯೋ ಎಂದು ಮಗನನ್ನು ಕೇಳಿದ. ಸ್ಪ್ಯಾನಿಷ್ ಅಂದ ಪ್ರಭುಸ್ವಾಮಿ, ಏನೋ ಒತ್ತಿದ. ಮಾರನೆಯ ದಿನದಿಂದ ಬಸ್ಸುಗಳ ನಡುವೆ ಗುಂಗುರು ಕೂದಲಿನ ಒಬ್ಬ ಹುಡುಗಿ ಬರತೊಡಗಿದಳು.

ಅವಳ ಹೆಸರು ಮಾರ್ತಾ. ಸ್ಪೇನ್ ದೇಶದ ಯಾವುದೋ ಸಣ್ಣ ಊರಿನವಳು. ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಅಡುಗೆಮನೆಯಲ್ಲಿ ನಿಂತು, ದಿನ ಬೆಳಗಾದರೆ ಆಡುವ ಮಾತುಗಳನ್ನು ವಸ್ತು ತೋರಿಸಿ, ಕೈಸನ್ನೆ ಮಾಡಿ ಕಲಿಸುತ್ತಿದ್ದಳು. ಒಂದೊಂದು ಪಾಠವೂ ಟೀ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಮೊದಲ ಪಾಠದಲ್ಲಿ ಅವಳು ತನ್ನ ಎದೆ ಮುಟ್ಟಿಕೊಂಡು ‘ಮೆ ಯಾಮೊ ಮಾರ್ತಾ’ ಎಂದಳು. ಆಮೇಲೆ ಬೆರಳನ್ನು ನೇರ ಇವನ ಕಡೆ ತೋರಿಸಿ, “ಕೋಮೊ ತೆ ಯಾಮಾಸ್?” ಎಂದು ಕೇಳಿ, ಉತ್ತರಕ್ಕಾಗಿ ಮುಗುಳ್ನಗುತ್ತ ಕಾದಳು.

ಶಿವನಂಜಯ್ಯ ಅತ್ತಿತ್ತ ನೋಡಿದ. ಜಗುಲಿಯಲ್ಲಿ ಯಾರೂ ಇರಲಿಲ್ಲ.

“ಮೆ ಯಾಮೊ ಶಿವನಂಜಯ್ಯ,” ಎಂದ.

“ಮೂಚೊ ಗುಸ್ತೊ,” ಎಂದಳು ಅವಳು. ಕಂಡದ್ದು ತುಂಬ ಸಂತೋಷ ಎಂದು ಅರ್ಥ. ಫೋನಿನ ಹುಡುಗಿ ಎಲ್ಲರಿಗೂ ಹಾಗೇ ಹೇಳುತ್ತಾಳೆ ಎಂದು ತಿಳಿಯದಷ್ಟು ದಡ್ಡನಲ್ಲ ಅವನು. ಆದರೂ ಹೊಟ್ಟೆಯೊಳಗೆ ತಂಪಾಯಿತು. ಯಾರೋ ತನ್ನ ಹೆಸರು ಕೇಳಿದ್ದರು, ಹೇಳುವವರೆಗೆ ಕಾದಿದ್ದರು. ಅದೇ ವೀಡಿಯೊವನ್ನು ಮತ್ತೆ ಹಾಕಿ ಮತ್ತೆ ಹೆಸರು ಹೇಳಿದ. ದಿನವೂ ಬೆಳಿಗ್ಗೆ ಮುಖ ತೊಳೆದ ಕೂಡಲೇ ಇದು ಮೊದಲ ಕೆಲಸವಾಯಿತು.

ಈ ವಯಸ್ಸಿನಲ್ಲಿ ಕಲಿಯುವುದು ಸಾಧ್ಯವೇ ಎಂಬ ಅನುಮಾನ ಅವನಿಗೆ ಬರಲೇ ಇಲ್ಲ. ತಮಿಳು ಕಲಿತದ್ದೂ ಹೀಗೇ. ಹೂಗ್ಯಂ ಕಡೆ ಹತ್ತುವ ಜನ ಅರ್ಧ ತಮಿಳು, ಅರ್ಧ ಕನ್ನಡ. ಪುಸ್ತಕ ಮುಟ್ಟದೆ, ಸೀಟು ಕೇಳುವವರ, ಕೋಳಿ ಬುಟ್ಟಿ ಎಲ್ಲಿಡಲಿ ಎನ್ನುವವರ ಬಾಯಿಂದಲೇ ಎತ್ತಿಕೊಂಡಿದ್ದ. ಇದೂ ಒಂದು ಬಸ್ಸು ಅಂದುಕೊಂಡ. ಒಂದೇ ಒಂದು ಪಾಠದಲ್ಲಿ ಮಾತ್ರ ಅವನಿಗೆ ಕೋಪ ಬಂತು. ಸ್ಟೇರಿಂಗ್ ಹಿಡಿದು ಕೂತವನನ್ನು ತೋರಿಸಿ ಅವಳು ‘ಕೊಂದುಕ್ತೋರ್’ ಎಂದಳು, ಡ್ರೈವರಿಗೆ ಅವರ ಭಾಷೆಯಲ್ಲಿ ಅದೇ ಹೆಸರಂತೆ, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕಂಡಕ್ಟರ್ ಎಂದೇ ಬರೆದಿತ್ತು. ಜೀವಮಾನವೆಲ್ಲ ಕಂಡಕ್ಟರುಗಳ ಜೊತೆ ಶಿಳ್ಳೆಯ ವಿಷಯಕ್ಕೆ ಜಗಳವಾಡಿದವನು ಅವನು. ಎರಡು ದಿನ ಫೋನು ಮುಟ್ಟಲಿಲ್ಲ.

ಮಾತು ಅಂದಮೇಲೆ ಎದುರಿಗೊಬ್ಬರು ಬೇಕು. ಮಾದೇವಮ್ಮನನ್ನು ಎಳೆದುಕೊಂಡ. “ನಂಗ್ಯಾಕ್ರಪ್ಪ ಈ ವಯಸ್ನಲ್ಲಿ,” ಎಂದು ಮೂತಿ ತಿರುವಿದಳು, ಆದರೆ ಅವರೆಕಾಯಿ ಸುಲಿಯುತ್ತ ಕೂತಲ್ಲೇ ಕಿವಿ ಕೊಟ್ಟಳು. ನಾಲಿಗೆ ಅವಳದೇ ಚುರುಕು. ತರಕಾರಿ ಅಂಗಡಿಯ ಪಾಠದಲ್ಲಿ ಮಾರ್ತಾ ಟೊಮೆಟೊ ಎತ್ತಿ ‘ಕ್ವಾಂತೊ ಕ್ವೆಸ್ತಾ?’ ಎಂದು ಬೆಲೆ ಕೇಳಿ, ಅವರು ಹೇಳಿದಷ್ಟನ್ನು ಕೊಟ್ಟು ಬಂದುಬಿಟ್ಟಾಗ ಮಾದೇವಮ್ಮನಿಗೆ ಸಹಿಸಲಾಗಲಿಲ್ಲ.

“ಚೌಕಾಸಿ ಎಲ್ಲಿ? ಕೊಸರು ಎಲ್ಲಿ? ಈ ಎಣ್ಣು ಸಂಸಾರ ಮಾಡ್ದಂಗೇ ಕಣಿ.”

“ಅವ್ರ ದೇಸದಲ್ಲಿ ಅಂಗೇ ಅಂತೆ ಕಣಮ್ಮಿ.”

“ಉಂಡ್ರಾ ಅಂತ ಒಂದ್ ಮಾತ್ನೂ ಕೇಳಕಿಲ್ಲ ಯಾರ್ನೂ. ಬಂದ್ರೂ ಇಲ್ಲ, ಓದ್ರೂ ಇಲ್ಲ.”

ಹೀಗೆ ಬಯ್ಯುತ್ತಲೇ ಅವಳು ಅಂಗಡಿ, ಆಸ್ಪತ್ರೆ, ಬಸ್ ಸ್ಟಾಂಡು ಎಲ್ಲ ಪಾಠಗಳನ್ನೂ ದಾಟಿದಳು. ಸಂಜೆ ಹೊತ್ತು ಜಗುಲಿಯಲ್ಲಿ ಇವನು ಅಂಗಡಿಯವನು, ಅವಳು ಗಿರಾಕಿ. ಹಾದಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕು ಹೋಗುತ್ತಿದ್ದರು. ಆಮೇಲೆ ಬಂತು ನೋಡಿ, ಮನೆಯವರ ಪಾಠ. ಮಾರ್ತಾ ಪಕ್ಕದಲ್ಲಿದ್ದವನ ಭುಜದ ಮೇಲೆ ಕೈಹಾಕಿ, “ಮಿ ಮರೀದೊ ಸೆ ಯಾಮಾ ರಾಮೋನ್,” ಎಂದಳು. ನನ್ನ ಗಂಡನ ಹೆಸರು ರಾಮೋನ್. ಆಮೇಲೆ ಬೆರಳು ತೋರಿಸಿ ನಿನ್ನ ಗಂಡನ ಹೆಸರೇನು ಎಂದು ಕೇಳಿ, ಎಂದಿನಂತೆ ನಗುತ್ತ ಕಾದಳು.

ಮಾದೇವಮ್ಮ ಅವರೆಕಾಯಿಯನ್ನು ನೋಡತೊಡಗಿದಳು.

“ಯೋಳು ಮತ್ತೆ,” ಎಂದ ಶಿವನಂಜಯ್ಯ. ಸಲೀಸಾಗಿ ಹೇಳಿದ ಹಾಗೆ ಹೇಳಿದ. ಸುಳ್ಳೇಕೆ, ಅವನು ಇಷ್ಟು ದಿನ ಅವಳನ್ನು ಕೂರಿಸಿಕೊಂಡು ಟೊಮೆಟೊ ಮಾರಿದ್ದೆಲ್ಲ ಈ ಪಾಠಕ್ಕಾಗಿಯೇ. ಮುಂದೆ ಇದು ಬರುತ್ತದೆ ಎಂದು ಅವನು ಮೊದಲೇ ನೋಡಿಟ್ಟುಕೊಂಡಿದ್ದ.

“ಮಿ ಮರೀದೊ ಸೆ ಯಾಮಾ… ಪ್ರಭುವ್ರಪ್ಪ,” ಎಂದಳು ಮಾದೇವಮ್ಮ.

“ಅದು ಎಸ್ರಾ?”

“ಅದೇ ಎಸ್ರು. ಸುಮ್ನಿರಿ. ಮದ್ವೆ ದಿನ ನಿಮ್ಮಕ್ಕ ಬಾಗ್ಲಲ್ಲಿ ಅಡ್ಡ ನಿಂತ್ಕಂಡು ಎಸ್ರು ಯೋಳು ಅಂದಾಗ್ಲೂ ನಾನು ತುಟಿ ಅಳ್ಳಾಡುಸ್ದೆ ಅಷ್ಟೆ, ಯೋಳ್ನಿಲ್ಲ. ಅದ್ಕೇ ಇನ್ನೂ ಗಟ್ಟಿಮುಟ್ಟಾಗಿದ್ದೀರಿ.”

ಅವನ ಆಯಸ್ಸಿನ ಮೇಲಿನ ಆಸೆಯಿಂದಲೇ ಅವಳು ಅವನ ಹೆಸರನ್ನು ಕೂಡಿಟ್ಟಿದ್ದಾಳೆ ಎಂದರೆ ಸಿಟ್ಟು ಮಾಡಲೂ ಬರುವುದಿಲ್ಲ. ಆದರೂ ಒಂದು ವಾದ ಹೂಡಿದ.

“ಆ ಎಣ್ಣು ದಿನಕ್ಕೆ ಎಷ್ಟ್ ಸಲ ಗಂಡುನ್ ಎಸ್ರು ಯೋಳ್ತಳೆ ನೋಡು. ಅವ್ನಿಗೇನಾಗದೆ?”

ಮಾದೇವಮ್ಮ ಫೋನನ್ನು ಕೈಗೆ ತೆಗೆದುಕೊಂಡು ರಾಮೋನನನ್ನು ಚೆನ್ನಾಗಿ ನೋಡಿದಳು. ದುಂಡು ಮುಖ, ಕೆಂಪು ಕೆನ್ನೆ, ಬಾಯಲ್ಲಿ ಏನೋ ತಿಂಡಿ. “ಈಗ ಚೆನ್ನಾಗವ್ನೆ. ನೋಡಣ ಇರಿ,” ಎಂದಳು.

ಅಂದಿನಿಂದ ಅವಳ ನೋಟವೆಲ್ಲ ಪಾಠ ಬಿಟ್ಟು ರಾಮೋನನ ಮೇಲೆ. ರಾಮಣ್ಣ ಎಂದು ಹೆಸರೂ ಇಟ್ಟಳು, ಬೇರೆಯವರ ಗಂಡಂದಿರ ಹೆಸರು ಹೇಳಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ರಾಮಣ್ಣ ಅಂಗಡಿಯವನಾಗಿ ಬರಲಿ, ಡಾಕ್ಟರಾಗಿ ಬರಲಿ, ಅವಳು ಮೊದಲು ನೋಡುತ್ತಿದ್ದುದು ಕೆನ್ನೆಯನ್ನು. ಇವತ್ತು ರೊಟ್ಟಿ ತಿಂದ, ಇವತ್ತು ಬರೀ ನೀರು ಕುಡಿದ, ಇವತ್ತು ಅಂಗಿ ಬಿಗಿಯಾಗಿದೆ. ಶಿವನಂಜಯ್ಯನಿಗೂ ಅದೇ ಹುಚ್ಚು ಹತ್ತಿತು. ರಾಮೋನ್ ಎರಡು ತುತ್ತು ಹೆಚ್ಚು ತಿಂದರೆ ತನಗೇ ಬಡ್ತಿ ಸಿಕ್ಕಷ್ಟು ಖುಷಿ. ಒಂದು ದಿನ ರಾಮೋನ್ ಶೀತವಾಗಿ ಮೂಗು ಒರೆಸಿಕೊಳ್ಳುತ್ತ ಬಂದ. ಮಾದೇವಮ್ಮ ಗಂಡನ ಕಡೆ ಒಂದು ಸಲ ನೋಡಿದಳು. ಅಷ್ಟೇ ಸಾಕಾಯಿತು.

ಶೀತವೇನೋ ವಾಸಿಯಾಯಿತು. ಅಷ್ಟು ಹೊತ್ತಿಗೆ ಹಳೆಯ ಪಾಠಗಳೆಲ್ಲ ಮುಗಿದು, ಮಾರ್ತಾ ವಾರವಾರ ಹೊಸದಾಗಿ ಹಾಕುವುದಕ್ಕೆ ಕಾಯುವಂತಾಗಿತ್ತು. ಆದರೆ ಮುಂದಿನ ವಾರ ರಾಮೋನ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಾರ್ತಾ ಒಬ್ಬಳೇ ನಿಂತು ಬಣ್ಣಗಳ ಹೆಸರು, ಬಟ್ಟೆಗಳ ಹೆಸರು ಹೇಳಿದಳು. ಮಾದೇವಮ್ಮ ಊಟ ಬಡಿಸುವಾಗಲೂ ಮಂಕಾಗಿರುತ್ತಿದ್ದಳು.

“ನಾನ್ ಯೋಳ್ನಿಲ್ವಾ? ಪಾಪ, ಯಂಗಿದ್ದ ಮನ್ಸ. ದಿನಾ ಎಸ್ರು ಇಡ್ಕಂಡು ಕರ್ದು ಕರ್ದು.”

“ಊರ್ಗೆಲ್ಲಾದ್ರೂ ಓಗಿರ್ಬೇಕು ಕಣಮ್ಮಿ.”

“ಕಟ್ಕಂಡೋಳ ಬುಟ್ಟು ಇಷ್ಟ್ ದಿನ ಯಾರ್ ಓಯ್ತರೆ? ಆ ಪಾಠ ಇನ್ ನಂಗ್ ಬ್ಯಾಡ.”

ಅಷ್ಟರಲ್ಲಿ ಅಕ್ಕನ ವರ್ಷದ ಎಡೆ ಬಂತು. ಗಂಡ ಹೆಂಡತಿ ಯಳಂದೂರಿಗೆ ಹೋದರು. ಅಕ್ಕನ ಮಗ ಶಾಂತಮೂರ್ತಿ ಅಚ್ಚುಕಟ್ಟಾಗಿ ಎಲ್ಲ ಮಾಡಿದ್ದ. ಸಮಾಧಿಯ ಮುಂದೆ ಅಕ್ಕನಿಗೆ ಇಷ್ಟವಾದ ಒಬ್ಬಟ್ಟು, ಕಾಯಿಹಾಲು. “ಮಾವ, ಮೊದ್ಲು ನೀವು ಊವ ಆಕಿ,” ಎಂದ. ಶಿವನಂಜಯ್ಯ ಹೂ ಹಾಕಿ ಕೈಮುಗಿದು ನಿಂತ. ಕಣ್ಣು ಮುಚ್ಚಿದರೆ ಅಕ್ಕನ ಮುಖ ಬಂತು, ಗಂಟಲು ಬರಲಿಲ್ಲ. ಎಷ್ಟು ಹೊತ್ತು ನಿಂತರೂ ‘ನಂಜಾ’ ಎನ್ನುವ ಆ ಧ್ವನಿ ನೆನಪಿಗೆ ಸಿಗಲಿಲ್ಲ. ಅವನಿಗೆ ಭಯವಾಯಿತು.

ವಾಪಸು ಬರುವಾಗ ಕೊಳ್ಳೇಗಾಲದ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಯಾವಾಗಲೂ ಆ ಸೀಟಿನಲ್ಲಿ ಕೂತರೆ ಗೇರು ಹಾಕಿದ್ದು ಸರಿಯಿಲ್ಲ, ಬ್ರೇಕು ಹಿಡಿದದ್ದು ಸರಿಯಿಲ್ಲ ಎಂದು ಗೊಣಗುವವನು ಆವತ್ತು ಗೇರಿನ ಕಡೆ ನೋಡಲೇ ಇಲ್ಲ. ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

“ಅಕ್ಕ ಓದ್ಮ್ಯಾಕೆ ನನ್ನೆಸ್ರ ಯಾರೂ ಕರೀನಿಲ್ಲ ಕಣಮ್ಮಿ,” ಎಂದ. ಅವಳ ಕಡೆ ತಿರುಗದೆ, ಮುಂದಿನ ಗಾಜು ನೋಡುತ್ತಲೇ ಹೇಳಿದ. “ಆ ಫೋನಿನ್ ಎಣ್ಣು ದಿನಾ ಕೇಳ್ತದಲ್ಲ, ಅದ್ಕೇ ನಾನು ಕಲೀತಾ ಇದ್ದದ್ದು. ಇನ್ನೇನಿಲ್ಲ.”

ಮಾದೇವಮ್ಮನ ಕಣ್ಣು ತುಂಬಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡಳು.

“ಆಯಸ್ಸಿನ್ ಸಮಾಚಾರ ಕಣಿ ಅದು,” ಎಂದಳು. “ನಾನೇನ್ ಬೇಕೂಂತ ಮಾಡ್ತೀನಾ? ನೀವಿಲ್ದೆ ಎಸ್ರು ಮಡಿಕ್ಕಂಡು ನಾನೇನ್ ಮಾಡ್ಲಿ?”

ಅವಳ ಭಯ ಅವನಿಗೆ ಅರ್ಥವಾಯಿತು. ಅವನ ಆಸೆ ಅವಳಿಗೆ ಅರ್ಥವಾಯಿತು. ಆದರೂ ಇಬ್ಬರ ನಡುವೆ ಆ ರಾಮೋನ್ ಎಂಬ ಕಾಣದ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂಬುದು ಇತ್ಯರ್ಥವಾಗದೆ ಉಳಿಯಿತು. ಕೊಳ್ಳೇಗಾಲದಲ್ಲಿ ಇಳಿದು ಕಾಮಗೆರೆಯ ಬಸ್ಸು ಹಿಡಿದರು.

ಮಾರನೆಯ ದಿನ ಶಿವನಂಜಯ್ಯ ಗಟ್ಟಿ ಮನಸ್ಸು ಮಾಡಿದ. ವೀಡಿಯೊದ ಕೆಳಗೆ ಜನ ಏನೇನೋ ಬರೆಯುತ್ತಾರೆ, ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಮಗ ತೋರಿಸಿಕೊಟ್ಟಿದ್ದ. ಬಸ್ ಸ್ಟಾಂಡಿನ ಪಾಠದಲ್ಲಿ ಕಲಿತ ಮಾತೊಂದು ಇತ್ತು, ಬಸ್ಸು ಎಲ್ಲಿದೆ ಎಂದು ಕೇಳುವುದು. ಬಸ್ಸಿನ ಜಾಗದಲ್ಲಿ ಮನುಷ್ಯನನ್ನು ಇಟ್ಟ. “ದೋಂದೆ ಎಸ್ತಾ ರಾಮೋನ್?” ಎಂದ. ರಾಮೋನ್ ಎಲ್ಲಿದ್ದಾನೆ? ಆ ಭಾಷೆಯವರೊಬ್ಬರಿಗೆ ಅವನು ಕಳಿಸಿದ ಮೊದಲ ಮಾತು ಅದು. ಕಳಿಸಿ, ಎದ್ದು, ಎಮ್ಮೆಗೆ ಹುಲ್ಲು ಹಾಕಿ ಬಂದು, ಮತ್ತೆ ನೋಡಿದ. ಏನೂ ಇರಲಿಲ್ಲ. ಸಂಜೆ ಪ್ರಭುಸ್ವಾಮಿ ಕೊಳ್ಳೇಗಾಲದಿಂದ ಬಂದು ಫೋನು ನೋಡಿ, “ಅಪ್ಪಾಜಿ, ಉತ್ತರ ಬಂದದೆ,” ಎಂದ. ಕನ್ನಡಕ್ಕೆ ತಿರುಗಿಸುವ ಗುಂಡಿ ಒತ್ತಿ ಓದಿದ.

“ಕೇಳಿದ್ದಕ್ಕೆ ಧನ್ಯವಾದ, ಪ್ರಭು. ರಾಮೋನ್ ಚೆನ್ನಾಗಿದ್ದಾನೆ. ಅವನ ಅಮ್ಮನ ಊರಿನಲ್ಲಿ ಆಲಿವ್ ಕೊಯ್ಲು. ಕೀಳಲು ಹೋಗಿದ್ದಾನೆ.”

ಫೋನಿನ ಖಾತೆ ಮಗನ ಹೆಸರಿನಲ್ಲೇ ಇತ್ತು. ಹಾಗಾಗಿ ಸಮುದ್ರದ ಆಚೆಗೂ ಶಿವನಂಜಯ್ಯ ಪ್ರಭುವೇ ಆದ. ಅವನಿಗೆ ನಗುವೂ ಬಂತು, ಅಳುವೂ ಬಂತು. ಹೆಸರು ಬದಲಾಯಿಸಿಕೊಡಲೇ ಎಂದು ಮಗ ಕೇಳಿದರೆ, “ಬುಡ್ಲಾ, ಅಭ್ಯಾಸ ಆಗೋಗದೆ,” ಎಂದ.

ಒಲೆಯ ಮುಂದಿದ್ದ ಮಾದೇವಮ್ಮ ಎದ್ದು ಬಂದಿದ್ದಳು. ಆಲಿವ್ ಎಂದರೆ ನೇರಳೆಹಣ್ಣಿನ ಹಾಗೆ ಇರುತ್ತದೆ, ಅದರಿಂದ ಎಣ್ಣೆ ತೆಗೆಯುತ್ತಾರೆ ಎಂದು ಪ್ರಭುಸ್ವಾಮಿ ವಿವರಿಸಿದ.

“ಅವ್ರವ್ವನ್ ತಾವ ಅವ್ನಾ? ಅಂಗಾರೆ ಊಟಕ್ಕೇನ್ ಕಮ್ಮಿ ಇರಾಕಿಲ್ಲ ಬುಡು,” ಎಂದಳು. ಮುಖ ಅರಳಿತ್ತು. ಆದರೆ ಕೂಡಲೇ ಸೇರಿಸಿದಳು, “ಕಣ್ಣಾರ ನೋಡ್ಬೇಕು.”

ಕಣ್ಣಾರ ನೋಡುವ ದಿನವೂ ಬಂತು. ಮಾರ್ತಾಳ ಅಡುಗೆಮನೆಗೆ ರಾಮೋನ್ ಒಂದು ಬುಟ್ಟಿ ಹೊತ್ತುಕೊಂಡು ಬಂದ. ಬಿಸಿಲಿಗೆ ಕಪ್ಪಗಾಗಿದ್ದ, ಹೊಟ್ಟೆ ಮೊದಲಿಗಿಂತ ಮುಂದೆ ಬಂದಿತ್ತು. ರಾಮೋನ್ ಇದು ಕೊಡು, ರಾಮೋನ್ ಅದು ತಾ ಎಂದು ಅವಳು ಬಾಯ್ತುಂಬ ಕರೆದಳು. ಅವನು ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ತಿಂದ. ಮಾದೇವಮ್ಮ ಆ ವೀಡಿಯೊವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಶಿವನಂಜಯ್ಯ ತನ್ನ ಹೆಸರಿನ ಮಾತೆತ್ತಲಿಲ್ಲ. ಬಸ್ಸಿನಲ್ಲಿ ಅವಳ ಕಣ್ಣಲ್ಲಿ ನೀರು ಕಂಡಿದ್ದ. ಇನ್ನು ಒತ್ತಾಯ ಮಾಡಬಾರದು ಎಂದು ನಿಶ್ಚಯಿಸಿಬಿಟ್ಟಿದ್ದ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅವನು ಟೀ ಅಂಗಡಿಯಿಂದ ಮನೆಗೆ ಬಂದ. ಫೋನು ಜಗುಲಿಯ ಗೂಡಿನಲ್ಲಿ ಇರಲಿಲ್ಲ. ಚಪ್ಪಲಿ ಬಿಡುವಾಗ ಒಳಗಿನಿಂದ ಮುದ್ದೆ ಕೋಲು ಪಾತ್ರೆಗೆ ತಾಗುವ ಸದ್ದು ಕೇಳಿಸಿತು, ಅದರ ಜೊತೆಗೆ ಮಾರ್ತಾಳ ಧ್ವನಿ. ಅದೇ ಪಾಠ. ನನ್ನ ಗಂಡನ ಹೆಸರು ರಾಮೋನ್. ನಿನ್ನ ಗಂಡನ ಹೆಸರೇನು?

ಕೋಲಿನ ಸದ್ದು ನಿಂತಿತು.

“ಮಿ ಮರೀದೊ ಸೆ ಯಾಮಾ,” ಎಂದಳು ಮಾದೇವಮ್ಮ. ಅಲ್ಲಿಗೆ ನಿಲ್ಲಿಸಿದಳು. ಉಸಿರು ಎಳೆದುಕೊಂಡದ್ದು ಹೊರಗೂ ಕೇಳಿಸಿತು. ಆಮೇಲೆ, ಬಿಸಿ ಪಾತ್ರೆಯನ್ನು ಬರಿಗೈಲಿ ಇಳಿಸುವವಳ ಹಾಗೆ ಸರಕ್ಕನೆ ಹೇಳಿದಳು. “ಸಿವನಂಜಯ್ಯ.”

“ಓ,” ಎಂದ ಶಿವನಂಜಯ್ಯ.

ತಾನಾಗಿ ಬಂದದ್ದು ಅದು. ಚಿಕ್ಕಂದಿನಲ್ಲಿ ಅಕ್ಕ ಹಟ್ಟಿಯ ಬಾಗಿಲಲ್ಲಿ ನಿಂತು ಕೂಗಿದಾಗ ಹೊಲದ ಬದುವಿನಿಂದ ಹೇಗೆ ಓಗೊಡುತ್ತಿದ್ದನೋ ಹಾಗೆ. ಒಂದು ಕಾಲಿಗೆ ಚಪ್ಪಲಿ ಹಾಗೇ ಇತ್ತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಉಪ್ಪಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಮಾರ್ತಾ ‘ಮೂಚೊ ಗುಸ್ತೊ’ ಎನ್ನುತ್ತಿದ್ದಳು.

ಮಾದೇವಮ್ಮ ಕೆಂಪಗಾಗಿದ್ದಳು. ಒಲೆಯ ಕಾವೋ ಏನೋ. “ನಿಮ್ಮುನ್ನೇನ್ ಕರೀನಿಲ್ಲ,” ಎಂದಳು. “ಆ ಎಣ್ಣು ಕೇಳ್ತು, ಯೋಳ್ದೆ.”

“ಏನಂತ ಯೋಳ್ದೆ?”

“ಕೇಳುಸ್ನಿಲ್ವಾ?”

“ಇಂಜಿನ್ ಸದ್ದಲ್ಲಿ ಕಿವಿ ಮಂದ ಆಗೋಗದೆ ಕಣಮ್ಮಿ. ಇನ್ನೊಂದ್ ಸಲ ಯೋಳು.”

ಅವಳು ಫೋನನ್ನು ಮಗುಚಿಟ್ಟಳು. ಅವನ ಮುಖ ನೋಡಿಕೊಂಡು, ಈ ಸಲ ಸ್ಪ್ಯಾನಿಷ್ ಸೇರಿಸದೆ, ಬರೀ ಹೆಸರನ್ನು ಹೇಳಿದಳು. ಮೆಲ್ಲಗೆ ಹೇಳಿದಳು, ಆದರೆ ಒಂದೊಂದು ಅಕ್ಷರವೂ ಕೇಳಿಸಿತು. ಶಿವನಂಜಯ್ಯ ಕಾಲಲ್ಲಿ ಉಳಿದಿದ್ದ ಚಪ್ಪಲಿಯನ್ನು ಬಿಟ್ಟು ಅಲ್ಲೇ ಕೂತುಬಿಟ್ಟ.

ಮಾದೇವಮ್ಮ ತಟ್ಟೆ ತಂದು ಮುಂದಿಟ್ಟಳು. ಒಂದು ಮುದ್ದೆ ಹಾಕಿದಳು. ನಿವೃತ್ತಿಯಾದ ಮೇಲೆ ಅವನು ಉಣ್ಣುತ್ತಿದ್ದದ್ದು ಒಂದೇ. ಅವಳು ಕೈ ಒದ್ದೆ ಮಾಡಿಕೊಂಡು ಇನ್ನೊಂದು ಮುದ್ದೆ ಕಟ್ಟಿ, ಮೊದಲನೆಯದರ ಪಕ್ಕದಲ್ಲಿಟ್ಟು, ಅವರೆಕಾಳಿನ ಸಾರು ಸುರಿದಳು. ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು.

“ಎರಡ್ಯಾಕೆ?”

“ಎಸ್ರು ಯೋಳಿವ್ನಿ. ಇನ್ಮೇಲೆ ಎರಡು. ಉಣ್ಣಿ, ನಾನು ನೋಡ್ಬೇಕು.”

ಅವನು ಟೀ ಅಂಗಡಿಯಲ್ಲಿ ಬೋಂಡ ತಿಂದು ಬಂದಿದ್ದ. ಅದನ್ನು ಹೇಳಲಿಲ್ಲ. ಅವಳು ಅವನ ಕೆನ್ನೆಯನ್ನೇ ನೋಡುತ್ತ ಕೂತಿದ್ದಳು. ಎರಡು ಮುದ್ದೆಯನ್ನೂ ಒಂದು ತುತ್ತು ಬಿಡದೆ ಉಂಡು, ತಟ್ಟೆ ಬಳಿದು, ಕೈ ತೊಳೆಯಲು ಎದ್ದ.